ದೇವರನ್ನು ನಂಬದಿರುವುದೂ ಒಂದು ನಂಬಿಕೆಯೇ?

ನೀವು ಕೇಳಿದ್ದು ಇದು: "ದೇವರಲ್ಲಿ ನನಗೆ ನಂಬಿಕೆ ಇಲ್ಲ ಅಂದಾಗಲೆಲ್ಲ, ಅದೂ ಒಂದು ನಂಬಿಕೆ ತಾನೇ ಅಂತ ಗೆಳೆಯ ಕಾಲೆಳೆಯುತ್ತಾನೆ. ಅವನು ಹೇಳೋದು ಸರಿಯಾ?"

ನಾನೂ ನಾಸ್ತಿಕನೇ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಆದರೂ ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ನಿಜ ಇದೆ ಅಂತ ಈಗೀಗ ಅನ್ನಿಸುತ್ತಿದೆ.

ಈ ಎರಡು ವಾಕ್ಯ ನೋಡಿ. "ದೇವರಿದ್ದಾನೆ ಅಂತ ನಾನು ನಂಬಿಲ್ಲ." "ದೇವರಿಲ್ಲ ಅಂತ ನಾನು ನಂಬಿದ್ದೇನೆ." 'ಇಲ್ಲ' ಎಲ್ಲಿ ಕೂತಿದೆ ಅನ್ನುವುದರಲ್ಲೇ ಎಲ್ಲ ಇದೆ. ಮೊದಲನೆಯದರಲ್ಲಿ ಅದು ನಂಬುವುದಕ್ಕೆ ಅಂಟಿದೆ, ಎರಡನೆಯದರಲ್ಲಿ ದೇವರಿಗೆ. ಮೊದಲನೆಯದು ನನ್ನ ತಲೆಯಲ್ಲಿ ಏನಿಲ್ಲ ಅಂತ ಹೇಳುತ್ತದೆ. ಎರಡನೆಯದು ಜಗತ್ತಿನಲ್ಲಿ ಏನಿಲ್ಲ ಅಂತ ಹೇಳುತ್ತದೆ. "ನಂಗೆ ನಂಬಿಕೆ ಇಲ್ಲ" ಅಂತ ಸುಮ್ನೆ ಹೇಳಿಬಿಟ್ಟರೆ ಕೇಳುವವರಿಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಹೇಳುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಬೆಳಿಗ್ಗೆ ಈಗಷ್ಟೇ ಎದ್ದಿದ್ದೀರಿ, ಕಿಟಕಿ ಕೂಡ ತೆಗೆದಿಲ್ಲ ಅಂದುಕೊಳ್ಳಿ. ಇವತ್ತು ಮಳೆ ಬರುತ್ತದೆ ಅಂತ ನಂಬಿದ್ದೀರಾ? ಇಲ್ಲ. ಹಾಗಾದರೆ ಬರುವುದಿಲ್ಲ ಅಂತ ನಂಬಿದ್ದೀರಾ? ಅದೂ ಇಲ್ಲ. ಯೋಚನೆಯನ್ನೇ ಮಾಡಿಲ್ಲ. ಇಲ್ಲಿ ನಂಬಿಕೆ ಇಲ್ಲದಿರುವುದು ನಿಜವಾಗಿಯೂ ಬರೀ ಇಲ್ಲದಿರುವುದು. ಆದರೆ ಆಮೇಲೆ ಆಕಾಶ ನೋಡಿ, ಒಗೆದ ಬಟ್ಟೆಯನ್ನೆಲ್ಲ ಹೊರಗೆ ಹರವಿ, ಕೊಡೆ ಬಿಟ್ಟು ಹೊರಟಿರಿ. ಈಗ ಬಾಯಲ್ಲಿ ಏನೇ ಹೇಳಲಿ, ಮಳೆ ಬರಲಿಕ್ಕಿಲ್ಲ ಅಂತ ಒಂದು ಲೆಕ್ಕ ಹಾಕಿದ್ದೀರಿ ಅಲ್ವಾ?

ನನ್ನಂಥ ಬಹಳಷ್ಟು ನಾಸ್ತಿಕರದು ಬಟ್ಟೆ ಹರವಿದವರ ಸ್ಥಿತಿ. ದೇವರ ವಿಷಯ ಕೇಳಿದ್ದೇವೆ, ಓದಿದ್ದೇವೆ, ವಾದ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದೇವೆ. ಆಮೇಲೆ ದೇವರಿಲ್ಲ ಅನ್ನುವ ಹಾಗೆಯೇ ಬದುಕುತ್ತಿದ್ದೇವೆ. ಇಷ್ಟಾದ ಮೇಲೂ "ನನ್ನ ಹತ್ತಿರ ಅಭಿಪ್ರಾಯವೇ ಇಲ್ಲ, ಬರೀ ಖಾಲಿ ಜಾಗ" ಅಂದರೆ ಅದು ಜಾರಿಕೊಳ್ಳುವ ಮಾತು. "ಅಂಚೆಚೀಟಿ ಕೂಡಿಸದೇ ಇರುವುದು ಹವ್ಯಾಸವಾ?" ಅನ್ನುವ ಹಳೇ ಜೋಕನ್ನು ನಾನೂ ಹೊಡೆದಿದ್ದೇನೆ. ಈಗ ಬಿಟ್ಟಿದ್ದೇನೆ. ಅಂಚೆಚೀಟಿ ಕೂಡಿಸದವರು ಯಾರೂ ಅದರ ಬಗ್ಗೆ ರಾತ್ರಿಯೆಲ್ಲ ಕೂತು ಹೀಗೆ ಉತ್ತರ ಬರೆಯುವುದಿಲ್ಲ!

1772ರಲ್ಲಿ ಬ್ಯಾರನ್ ದೋಲ್ಬಾಕ್ ಎಂಬ ಚಿಂತಕ, ಮಕ್ಕಳೆಲ್ಲ ನಾಸ್ತಿಕರೇ, ಅವರಿಗೆ ದೇವರ ಕಲ್ಪನೆಯೇ ಇರುವುದಿಲ್ಲ ಎಂದು ಬರೆದ. ಸರಿ, ಆದರೆ ಆ ಲೆಕ್ಕದಲ್ಲಿ ಕಲ್ಲುಬಂಡೆಯೂ ನಾಸ್ತಿಕವೇ ಆಗುತ್ತದೆ. ಇಂಗ್ಲೆಂಡಿನ ತತ್ವಜ್ಞಾನಿ ಆಂಟನಿ ಫ್ಲ್ಯೂ 1970ರ ದಶಕದಲ್ಲಿ ಇದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿದ. ಶುರುವಿಗೆ ನಂಬಿಕೆ ಇಲ್ಲದ ಜಾಗದಲ್ಲಿ ನಿಲ್ಲೋಣ, ಇದ್ದಾನೆ ಅನ್ನುವವರು ಸಾಬೀತು ಮಾಡಲಿ ಅಂತ. ವಾದ ಶುರುಮಾಡುವುದಕ್ಕೆ ಇದು ಒಳ್ಳೆಯ ಜಾಗ. ಆದರೆ ವಾದವೆಲ್ಲ ಮುಗಿದ ಮೇಲೂ ಅಲ್ಲೇ ನಿಂತಿದ್ದೇವೆ ಅನ್ನುವುದು ಬೇರೆ ಮಾತು. (ಫ್ಲ್ಯೂ ಕೂಡ ನಿಲ್ಲಲಿಲ್ಲ. 2004ರಲ್ಲಿ, 80 ದಾಟಿದ ಮೇಲೆ, ಒಂದು ಬಗೆಯ ದೇವರನ್ನು ಒಪ್ಪಿಕೊಂಡ.)

ನನಗೆ ಮಜಾ ಅನ್ನಿಸುವುದು ಪಾಣಿನಿ. ಅವನ ಸಂಸ್ಕೃತ ವ್ಯಾಕರಣ ಗ್ರಂಥ ಅಷ್ಟಾಧ್ಯಾಯಿಯಲ್ಲಿ "ಅಸ್ತಿ ನಾಸ್ತಿ ದಿಷ್ಟಂ ಮತಿಃ" ಎಂಬ ಸೂತ್ರ ಇದೆ. ಆಸ್ತಿಕ, ನಾಸ್ತಿಕ ಎಂಬ ಪದಗಳು ಹೇಗೆ ಹುಟ್ಟುತ್ತವೆ ಅಂತ ಹೇಳುವ ಸೂತ್ರ. 'ಇಲ್ಲ' ಎಂಬ ಮತಿ, ಅಂದರೆ ಅಭಿಪ್ರಾಯ, ಯಾರಿಗಿದೆಯೋ ಅವನು ನಾಸ್ತಿಕ. ಮತಿ ಇಲ್ಲದವನು ಅಲ್ಲ, 'ಇಲ್ಲ' ಎಂಬ ಮತಿ ಇರುವವನು! ಪದದ ಹುಟ್ಟನ್ನು ನೋಡಿದರೆ ಗೆದ್ದದ್ದು ನಿಮ್ಮ ಗೆಳೆಯನೇ. ಆದರೆ ಹಳೆಯ ವ್ಯಾಖ್ಯಾನಕಾರರು ಇಲ್ಲಿ 'ಇಲ್ಲ' ಅನ್ನುವುದು ಪರಲೋಕದ ಬಗ್ಗೆ ಅಂತ ವಿವರಿಸಿದರು, ದೇವರ ಬಗ್ಗೆ ಅಲ್ಲ. ಮನುಸ್ಮೃತಿಗೆ ವೇದ ನಿಂದಿಸುವವನು ನಾಸ್ತಿಕ. ಹಾಗಾಗಿಯೇ ಸೃಷ್ಟಿಕರ್ತನನ್ನು ಒಪ್ಪದಿದ್ದರೂ ವೇದವನ್ನು ಒಪ್ಪುವ ಮೀಮಾಂಸಾ ದರ್ಶನದವರು ಆಸ್ತಿಕರ ಸಾಲಿನಲ್ಲೇ ಆರಾಮಾಗಿ ಕೂತಿದ್ದಾರೆ.

ಇಲ್ಲಿಯವರೆಗೆ ಗೆಳೆಯನ ಪರ. ಇನ್ನರ್ಧಕ್ಕೆ ಬರೋಣ.

'ನಂಬಿಕೆ' ಅನ್ನುವ ಒಂದೇ ಪದದ ಮೇಲೆ ನಾವು ತುಂಬಾ ಹೊರೆ ಹೇರಿದ್ದೇವೆ. "ಅಂಗಡಿ ಇಷ್ಟೊತ್ತಿಗೆ ಮುಚ್ಚಿರುತ್ತೆ ಅಂತ ನಂಬಿದ್ದೆ" ಅನ್ನುವಾಗ ಅದು ಬರೀ ಅಂದಾಜು. "ನಿನ್ನನ್ನೇ ನಂಬಿದ್ದೇನೆ" ಅನ್ನುವಾಗ ಬೇರೆಯೇ. ಅಲ್ಲಿ ಆಸರೆ ಇದೆ, ಶರಣಾಗತಿ ಇದೆ. ಭಕ್ತರ ನಂಬಿಕೆ ಈ ಎರಡನೇ ಥರದ್ದು. ನನ್ನದು ಮೊದಲನೇ ಥರದ್ದು. ದೇವರಿಲ್ಲ ಅನ್ನುವ ಮಾತಿಗೆ ನಾನು ಶರಣಾಗಿಲ್ಲ, ಕಷ್ಟ ಬಂದಾಗ ಅದನ್ನು ನೆನೆಯುವುದೂ ಇಲ್ಲ. ನಾಳೆ ಒಳ್ಳೆಯ ಪುರಾವೆ ಸಿಕ್ಕರೆ ಅಂದಾಜು ಬದಲಾಗುತ್ತದೆ, ಅಷ್ಟೇ. "ಅದೂ ಒಂದು ನಂಬಿಕೆ" ಅನ್ನುವವರು ಮೊದಲನೇ ಅರ್ಥವನ್ನು ಒಪ್ಪಿಸಿ, ಎರಡನೆಯದನ್ನು ತಲೆಗೆ ಕಟ್ಟುತ್ತಾರೆ. ಅಲ್ಲಿ ಮಾತ್ರ ಹುಷಾರಾಗಿರಿ.

ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ಗೂ ಈ ಪೇಚು ಇತ್ತು. ಚಿಂತಕರ ಮುಂದೆ ತಾನು ಅಜ್ಞೇಯವಾದಿ, ಅಂದರೆ ದೇವರಿಲ್ಲ ಅಂತ ಖಚಿತವಾಗಿ ಸಾಬೀತು ಮಾಡಲಾಗದು ಅನ್ನುವವನು, ಬೀದಿಯಲ್ಲಿ ಸಿಗುವ ಸಾಮಾನ್ಯರ ಮುಂದೆ ಮಾತ್ರ ನಾಸ್ತಿಕ ಅಂದುಕೊಳ್ಳಬೇಕೇನೋ ಅಂತ 1947ರಲ್ಲಿ ಬರೆದ. ಗ್ರೀಕರ ಹಳೇ ದೇವತೆಗಳಿಗೂ ಅದೇ ಮಾತು ಅನ್ವಯಿಸುತ್ತದೆ ಎಂದೂ ಸೇರಿಸಿದ.

ಇನ್ನೊಂದು ವಿಷಯ, ಯಾವ ದೇವರು? ಎರಡನೇ ಶತಮಾನದ ರೋಮನ್ನರು ಕ್ರೈಸ್ತರನ್ನೇ ನಾಸ್ತಿಕರು ಅಂತ ಕರೆಯುತ್ತಿದ್ದರು. ಜಸ್ಟಿನ್ ಎಂಬ ಕ್ರೈಸ್ತ ಲೇಖಕ, ನಿಮ್ಮ ಆ ದೇವತೆಗಳ ಮಟ್ಟಿಗೆ ಹೌದು, ನಾವು ನಾಸ್ತಿಕರೇ ಅಂತ ಒಪ್ಪಿಕೊಂಡಿದ್ದ. ನನ್ನದೂ ಹಾಗೇ, ದೇವರಿಂದ ದೇವರಿಗೆ ಬೇರೆ. ಮೊರೆ ಕೇಳಿ ನಡುವೆ ಬಂದು ಕೈಹಿಡಿಯುವ ದೇವರಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದನ್ನು ನಂಬಿಕೆ ಅಂದರೂ ಬೇಜಾರಿಲ್ಲ, ಕಾರಣ ಕೇಳಿದರೆ ಕೊಡುತ್ತೇನೆ. ಜಗತ್ತನ್ನು ಶುರುಮಾಡಿ ಸುಮ್ಮನಾದ ದೇವರೊಬ್ಬ ಇದ್ದಾನಾ ಅಂದರೆ, ಅಲ್ಲಿ ನಾನಿನ್ನೂ ಕಿಟಕಿ ತೆಗೆಯದವನು.

ಮುಂದಿನ ಸಲ ಗೆಳೆಯ ಕಾಲೆಳೆದಾಗ, ಯಾವ ದೇವರ ಬಗ್ಗೆ ಕೇಳುತ್ತಿದ್ದೀಯಾ ಅಂತ ಮೊದಲು ವಿಚಾರಿಸಿ.