ಪಿಯಾನೊಗೆ ಕೊಬ್ಬರಿ ಎಣ್ಣೆ ಬೇಡ

ಕಾರವಾರದ ನಿಮ್ಮ ಮನೆಯ ಪಿಯಾನೊದ ಕೀಗಳು ಜೂನ್ ಬಂತೆಂದರೆ ಒತ್ತಿದಲ್ಲೇ ಕೂರುತ್ತವೆ, ಕೊಬ್ಬರಿ ಎಣ್ಣೆ ಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒಂದು ಹನಿಯನ್ನೂ ಬಿಡಬೇಡಿ. ಕೀಗಳೊಳಗಿನ ಲೋಹದ ಪಿನ್ನಿನ ಸುತ್ತ ಫೆಲ್ಟ್, ಅಂದರೆ ಒತ್ತಿ ಮಾಡಿದ ಉಣ್ಣೆಯ ಬಟ್ಟೆ, ಇರುತ್ತದೆ. ಮಳೆಗಾಲದ ತೇವಕ್ಕೆ ಅದು, ಜೊತೆಗೆ ಮರವೂ, ಉಬ್ಬಿ ಬಿಗಿಯಾಗುತ್ತದೆ. ಎಣ್ಣೆ ಕುಡಿದ ಫೆಲ್ಟ್ ಮತ್ತೆ ಸರಿಹೋಗುವುದಿಲ್ಲ, ಬದಲಿಸಲೇಬೇಕು. ಅಂಕೋಲೆಯ ನಮ್ಮ ಮನೆಯಲ್ಲಿ ಹಾಗಾದಾಗ ನನಗಾದ ಸಂಕಟ ನಿಮಗೆ ಬೇಡ.

ಮೊದಲು ವಾದ್ಯವನ್ನು ಹೊರಗೋಡೆಯಿಂದ, ಕಡಲ ಕಡೆಯ ಕಿಟಕಿಯಿಂದ ದೂರ ಸರಿಸಿ. ಒಳಗೆ ಸುಮಾರು 220 ಉಕ್ಕಿನ ತಂತಿಗಳಿವೆ. ಉಪ್ಪುಗಾಳಿ ಅವುಗಳಿಗೆ ತುಕ್ಕು ಹಿಡಿಸುತ್ತದೆ. ಗಾಳಿಯ ತೇವ ಅಳೆಯುವ ಆರ್ದ್ರತಾಮಾಪಕವೊಂದನ್ನು ಪಕ್ಕದಲ್ಲಿಡಿ. ತೇವಾಂಶ ಶೇಕಡಾ 40ರಿಂದ 60ರ ನಡುವೆ ಇದ್ದರೆ ಒಳ್ಳೆಯದು. ನಮ್ಮ ಕರಾವಳಿಯ ಆಷಾಢದಲ್ಲಿ ಕಿಟಕಿ ಮುಚ್ಚಿ ತೇವ ಹೀರುವ ಯಂತ್ರ ಓಡಿಸದೆ ಇದು ಸಾಧ್ಯವಿಲ್ಲ. ಸಿಲಿಕಾ ಜೆಲ್ ಪೊಟ್ಟಣಗಳು ಅಷ್ಟು ದೊಡ್ಡ ಪೆಟ್ಟಿಗೆಗೆ ಸಾಲುವುದಿಲ್ಲ.

ಶ್ರುತಿಯನ್ನು ಈಗಲೇ ಮಾಡಿಸಬೇಡಿ. ತೇವಕ್ಕೆ ಧ್ವನಿಹಲಗೆ (ತಂತಿಗಳ ಸದ್ದನ್ನು ಹೆಚ್ಚಿಸುವ ಮರದ ಹಲಗೆ) ಉಬ್ಬಿ ಶ್ರುತಿ ಏರುತ್ತದೆ, ಒಣಗಿದಾಗ ಇಳಿಯುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಶ್ರುತಿ ಮಾಡುವವರನ್ನು ಕರೆಸಿ. ಅವರು ಬಂದಾಗ ಇಲಿಯ ಗೂಡು, ನುಸಿ ತಿಂದ ಫೆಲ್ಟ್ ಇವೆಯೇ ಎಂದೂ ನೋಡಿಸಿ.