ಅರವತ್ತು ಜನರ ಆನ್‌ಲೈನ್ ಓದುಗುಂಪಿನಲ್ಲಿ ಏಳೆಂಟು ಜನ ಬಿಟ್ಟರೆ ಯಾರೂ ಬಾಯಿ ಬಿಡಲ್ಲ, ಏನು ಮಾಡಲಿ?

ನೀವು ಬರೆದಿರೋದು ಇಷ್ಟು: ಮಂಡ್ಯ ಜಿಲ್ಲೆಯಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಕಟ್ಟಿರುವ 60 ಜನರನ್ನು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದೀರಿ, ಭಾನುವಾರ ಗೂಗಲ್ ಮೀಟ್ ನಡೆಸ್ತೀರಿ. ಗಾರ್ಮೆಂಟ್ಸ್‌ಗೆ ಹೋಗೋರು, ಮನೆ-ಹಸು ನೋಡಿಕೊಳ್ಳೋ ಹೆಣ್ಣುಮಕ್ಕಳು, ಗದ್ದೆ ಕೆಲಸದವರು ಇದ್ದಾರೆ. ಒಬ್ಬರಿಗೆ ಕಣ್ಣು ಕಾಣಿಸಲ್ಲ. ಮಾತಾಡೋದು ಮಾತ್ರ ಅದೇ ಏಳೆಂಟು ಗಂಡಸರು. ಉಳಿದವರಿಗೆ ಆಸಕ್ತಿ ಇಲ್ಲವೇ ಅಂತ ಕೇಳಿದ್ದೀರಿ.

ಆಸಕ್ತಿ ಇಲ್ಲದವರು ಕೈಯಿಂದ ದುಡ್ಡು ಕಟ್ಟಿ ಓದೋಕೆ ಸೇರಲ್ಲ. ನಿಮ್ಮ ಗುಂಪಿನಲ್ಲಿ ಒಂದು ಮಾತಾಡೋದಕ್ಕೆ ಬೀಳುವ ಖರ್ಚು ಜಾಸ್ತಿಯಾಗಿದೆ. ಡೇಟಾ ಖರ್ಚು ಅದರಲ್ಲಿ ಸಣ್ಣದು. 60 ಜನರ ಮುಂದೆ ತಪ್ಪು ಹೇಳಿದರೆ ಮರ್ಯಾದೆ ಹೋಗುತ್ತೆ. ನಂಬರ್ ಗುರುತಿಲ್ಲದವರ ಕೈಗೆ ಸಿಗುತ್ತೆ. ಕನ್ನಡ ಟೈಪ್ ಮಾಡೋಕೆ ಹತ್ತು ನಿಮಿಷ ಹಿಡಿಯುತ್ತೆ. ರಾತ್ರಿ ಫೋನ್ ಹಿಡಿದು ಕೂತರೆ ‘ಯಾರ ಜೊತೆ ಮೆಸೇಜು’ ಅಂತ ಮನೆಯವರು ಕೇಳ್ತಾರೆ. ಗುಂಪು ನಡೆಸೋರ ಮೊದಲ ಕೆಲಸ ಈ ಖರ್ಚುಗಳನ್ನು ಒಂದೊಂದಾಗಿ ಇಳಿಸೋದು, ಪಾಠ ಚೆನ್ನಾಗಿ ಮಾಡೋದು ಆಮೇಲಿನ ಮಾತು.

ಈ ವಾರವೇ ಮಾಡಬೇಕಾದದ್ದು: ಗುಂಪು ಒಡೆಯಿರಿ. ದೊಡ್ಡ ಗ್ರೂಪನ್ನು ಸೂಚನೆಗೆ ಮಾತ್ರ ಇಟ್ಟುಕೊಳ್ಳಿ, ಅದರಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಬದಲಿಸಿ. ಅದರ ಕೆಳಗೆ ಆರಾರು ಜನರ ಹತ್ತು ಚಿಕ್ಕ ಗ್ರೂಪು ಮಾಡಿ, ವಾಟ್ಸಾಪಿನ ಕಮ್ಯುನಿಟಿ ಸೌಲಭ್ಯದಲ್ಲಿ ಇದು ಸಲೀಸು. ಅರವತ್ತರಲ್ಲಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ. ಆರರಲ್ಲಿ ಸುಮ್ಮನಿದ್ದರೆ ಉಳಿದ ಐದು ಜನ ‘ಯಾಕೆ, ಹುಷಾರಿಲ್ವಾ?’ ಅಂತ ಕೇಳ್ತಾರೆ.

ಹಂಚುವಾಗ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದಿದೆ. ಚೆನ್ನಾಗಿ ಮಾತಾಡೋರನ್ನು ಒಂದೊಂದು ಗುಂಪಿಗೆ ಒಬ್ಬರಂತೆ ‘ಲೀಡರ್’ ಮಾಡಿ ಹಾಕ್ತಾರೆ. ಆಗ ಆ ಗುಂಪಿನಲ್ಲೂ ಅವರೊಬ್ಬರದೇ ಮಾತು. ನಾನು ಹೇಳೋದು ಇದಕ್ಕೆ ಉಲ್ಟಾ: ಮಾತುಗಾರರನ್ನೆಲ್ಲ ಒಂದೇ ಗುಂಪಿಗೆ, ಹೆಚ್ಚೆಂದರೆ ಎರಡಕ್ಕೆ ಹಾಕಿ. ಅವರಿಗೂ ಖುಷಿ, ಉಳಿದ ಎಂಟು ಗುಂಪಿಗೆ ಉಸಿರಾಡೋಕೆ ಜಾಗ. ಯಾವ ಗುಂಪಿನಲ್ಲೂ ಹೆಣ್ಣುಮಗಳು ಒಬ್ಬಳೇ ಇರಬಾರದು, ಕನಿಷ್ಠ ಇಬ್ಬರಿರಲಿ. ಪ್ರತಿ ಗುಂಪಿಗೂ ಫೋನ್ ಚೆನ್ನಾಗಿ ಬಳಸೋಕೆ ಬರುವ ಒಬ್ಬರು ಬೇಕು. ಪಾಠದಲ್ಲಿ ಅವರೇ ಮುಂದಿರಬೇಕು ಅಂತೇನಿಲ್ಲ.

ಇನ್ನು ಪ್ರಶ್ನೆ ಕೇಳುವ ಬಗೆ. ಅರ್ಧ ಸಮಸ್ಯೆ ಇರೋದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ‘ಎಲ್ಲರಿಗೂ ಅರ್ಥ ಆಯ್ತಾ?’ ಅನ್ನೋದಕ್ಕೆ ಹೆಬ್ಬೆಟ್ಟು ಎಮೋಜಿ ಬಿಟ್ಟು ಬೇರೇನೂ ಬರಲ್ಲ. ಅರ್ಥಶಾಸ್ತ್ರದ ಪಾಠದಲ್ಲಿ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದರೇನು?’ (ಬೆಲೆ ಬದಲಾದರೆ ಜನ ಕೊಳ್ಳೋದು ಎಷ್ಟು ಬದಲಾಗುತ್ತೆ ಅನ್ನೋ ಲೆಕ್ಕ) ಅಂದರೆ ಒಬ್ಬರು ಗೈಡಿನ ಪುಟದ ಫೋಟೊ ಹಾಕ್ತಾರೆ, ಉಳಿದವರು ‘ಧನ್ಯವಾದ ಸರ್’ ಅಂತಾರೆ, ಅಲ್ಲಿಗೆ ಮುಗೀತು. ಅದೇ ಪಾಠವನ್ನು ಹೀಗೆ ಕೇಳಿ ನೋಡಿ: ‘ಟೊಮ್ಯಾಟೊ ಕೆಜಿಗೆ 20 ರೂಪಾಯಿ ಇದ್ದಾಗ ವಾರಕ್ಕೆ ಎಷ್ಟು ತರ್ತಿದ್ರಿ? 40 ಆದಾಗ ಎಷ್ಟು ತಂದ್ರಿ? ಉಪ್ಪು 20ರಿಂದ 25 ಆದ್ರೆ ಕಮ್ಮಿ ತರ್ತೀರಾ?’ ಇದಕ್ಕೆ ಉತ್ತರ ಗೈಡಿನಲ್ಲಿಲ್ಲ, ಮನೆಗೆ ಸಾಮಾನು ತರೋರಿಗೆ ಗೊತ್ತು. ಉತ್ತರ ಎರಡು ಅಂಕಿ, ಟೈಪ್ ಮಾಡೋಕೆ ಐದು ಸೆಕೆಂಡ್. ತಪ್ಪು ಉತ್ತರ ಅನ್ನೋದೇ ಇಲ್ಲ.

ಬಂದ ಅಂಕಿಗಳನ್ನು ನೀವು ಒಂದು ಕಡೆ ಸೇರಿಸಿ ಹಾಕಿ. ಒಬ್ಬರು ಎರಡು ಕೆಜಿಯಿಂದ ಒಂದೂವರೆಗೆ ಇಳಿಸಿದ್ದಾರೆ ಅಂದುಕೊಳ್ಳಿ. ಬೆಲೆ ಶೇ. 100 ಏರಿದೆ, ತರೋದು ಶೇ. 25 ಇಳಿದಿದೆ. 25ನ್ನು 100ರಿಂದ ಭಾಗಿಸಿದರೆ 0.25, ಒಂದಕ್ಕಿಂತ ಕಮ್ಮಿ, ಹಾಗಾಗಿ ಸ್ಥಿತಿಸ್ಥಾಪಕತ್ವ ಕಮ್ಮಿ. ಉಪ್ಪಿಗೆ ಬಹುತೇಕ ಸೊನ್ನೆ ಬರುತ್ತೆ. ‘ಇದನ್ನೇ ಪುಸ್ತಕದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತಾರೆ’ ಅನ್ನೋ ಸಾಲು ಕೊನೆಯಲ್ಲಿ ಬರಲಿ. ಆಮೇಲೆ ಚಿಕ್ಕ ಗುಂಪಿಗೆ ಕೊಡುವ ಕೆಲಸ: ನಿಮ್ಮ ಆರು ಮನೆಯಲ್ಲಿ ಯಾವ ಸಾಮಾನಿನ ಬೆಲೆ ಏರಿದರೆ ತಕ್ಷಣ ನಿಲ್ಲಿಸ್ತೀರಿ, ಯಾವುದನ್ನು ಏನೇ ಆದರೂ ತರ್ತೀರಿ, ಯಾಕೆ? ಐದು ಅಂಕದ ಪ್ರಶ್ನೆಗೆ ಬೇಕಾದ ಉದಾಹರಣೆಗಳು ಇಲ್ಲೇ ಸಿಗ್ತವೆ.

ಪ್ರಶ್ನೆ ಹಾಕಿದ ಮೇಲೆ ನೀವು ಸುಮ್ಮನಿರಬೇಕು, ಮೇಷ್ಟ್ರುಗಳಿಗೆ ಇದೇ ಕಷ್ಟ. ಯಾರಾದರೂ ಡೌಟ್ ಕೇಳಿದರೆ ಅರ್ಧ ದಿನ ಬಿಡಿ, ಇನ್ನೊಬ್ಬರು ಹೇಳಲಿ. ನೀವೇ ಎರಡು ನಿಮಿಷದಲ್ಲಿ ಉತ್ತರ ಕೊಟ್ಟರೆ ಗುಂಪು ಅನ್ನೋದು ನಿಮ್ಮ ಸಹಾಯವಾಣಿ ಆಗಿಬಿಡುತ್ತೆ. ಆದರೆ ಪರೀಕ್ಷೆ ದಿನಾಂಕ, ಫೀಸಿನ ಕೊನೆ ದಿನ, ಅಸೈನ್‌ಮೆಂಟ್ ಕಳಿಸುವ ವಿಳಾಸದ ವಿಷಯದಲ್ಲಿ ಯಾರೇ ತಪ್ಪು ಹೇಳಿದರೂ ತಕ್ಷಣ ತಿದ್ದಿ. ಅಲ್ಲಿ ಕಾಯೋದು ಬೇಡ.

ಮೀಟ್‌ನಲ್ಲೂ ಇದೇ. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಹೇಳಿದ್ದು: ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಕಾಯೋದು ಸುಮಾರು ಒಂದೇ ಸೆಕೆಂಡ್, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತೆ, ಹೆಚ್ಚು ಮಕ್ಕಳು ಬಾಯಿ ಬಿಡ್ತಾರೆ. ಆನ್‌ಲೈನ್‌ನಲ್ಲಿ ನೆಟ್‌ವರ್ಕ್ ತಡ, ಮ್ಯೂಟ್ ತೆಗೆಯೋ ತಡ ಎರಡೂ ಸೇರುತ್ತವೆ, ಹಾಗಾಗಿ ಮನಸ್ಸಲ್ಲೇ ಒಂದರಿಂದ ಹತ್ತು ಎಣಿಸಿ. ಹಿಂಸೆ ಅನಿಸುತ್ತೆ, ಆದರೂ ಎಣಿಸಿ. ಇನ್ನೊಂದು ಉಪಾಯ: ‘ಎಲ್ಲರೂ ಚಾಟ್‌ನಲ್ಲಿ ಉತ್ತರ ಬರೆದಿಟ್ಟುಕೊಳ್ಳಿ, ನಾನು ಹೇಳೋವರೆಗೂ ಕಳಿಸಬೇಡಿ’ ಅನ್ನಿ. ಒಂದು ನಿಮಿಷ ಬಿಟ್ಟು ‘ಈಗ ಒತ್ತಿ’ ಅಂದರೆ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಮೊದಲು ಬಂದ ಉತ್ತರವನ್ನು ನಕಲು ಮಾಡೋದಕ್ಕೆ ಆಗಲ್ಲ, ಅದನ್ನು ನೋಡಿ ಹಿಂಜರಿಯೋದೂ ತಪ್ಪುತ್ತೆ.

ಮೀಟ್ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷದ ಮಿತಿ ಇದೆ, ಜೂಮ್‌ನಲ್ಲಿ 40. ಉಚಿತ ಮೀಟ್‌ನಲ್ಲಿ ಚಿಕ್ಕ ಕೋಣೆಗಳಾಗಿ ಒಡೆಯೋಕೆ ಬರಲ್ಲ, ಉಚಿತ ಜೂಮ್‌ನಲ್ಲಿ ಬರುತ್ತೆ. ಚರ್ಚೆ ಬೇಕಿದ್ದರೆ ಜೂಮ್ ವಾಸಿ, 40 ನಿಮಿಷ ಧಾರಾಳ ಸಾಕು: ಐದು ನಿಮಿಷ ಎಲ್ಲರೂ ಸೇರೋಕೆ, ಹತ್ತು ನಿಮಿಷ ನಿಮ್ಮ ವಿವರಣೆ, ಹದಿನೈದು ನಿಮಿಷ ಚಿಕ್ಕ ಗುಂಪು, ಉಳಿದದ್ದು ಪ್ರತಿ ಗುಂಪಿನಿಂದ ಒಂದೊಂದು ಮಾತು. ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯ ಬೇಡವೇ ಬೇಡ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಮನೆಮಂದಿಯೆಲ್ಲ ಬದುಕ್ತಿರ್ತಾರೆ. ಅಡುಗೆಮನೆ ಮೂಲೆಯಲ್ಲಿ ಕೂತವರಿಗೆ ಮುಖ ತೋರಿಸೋದು ಬೇರೆಯೇ ತೊಂದರೆ.

ಸಮಯ ನೀವೊಬ್ಬರೇ ತೀರ್ಮಾನಿಸಬೇಡಿ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕೋ ಹೊತ್ತು, ಗಾರ್ಮೆಂಟ್ಸ್ ಬಸ್ ಊರಿಗೆ ಬರೋ ಹೊತ್ತು, ಆಮೇಲೆ ಮುದ್ದೆ ತಿರುವೋ ಹೊತ್ತು, ಇವೆಲ್ಲ ಕಳೆದರೆ ಉಳಿಯೋದು ರಾತ್ರಿ ಎಂಟೂವರೆ ಮೇಲೆ. ವಾಟ್ಸಾಪ್ ಪೋಲ್ ಹಾಕಿ ಕೇಳಬಹುದು. ಆದರೆ ಯಾರು ಯಾವುದಕ್ಕೆ ಒತ್ತಿದರು ಅನ್ನೋದು ಅದರಲ್ಲಿ ಎಲ್ಲರಿಗೂ ಕಾಣುತ್ತೆ ಅನ್ನೋದು ನೆನಪಿರಲಿ. ‘ಗುಂಪಿನಲ್ಲಿ ಮಾತಾಡೋಕೆ ಏನು ಅಡ್ಡಿ?’ ಅನ್ನೋ ಥರದ ಪ್ರಶ್ನೆಗೆ ಇಮೇಲ್ ಕೇಳದ ಗೂಗಲ್ ಫಾರ್ಮ್ ಬಳಸಿ, ಹೆಸರಿನ ಜಾಗವೇ ಇಡಬೇಡಿ.

ಹೆಣ್ಣುಮಕ್ಕಳ ವಿಷಯ. ವಾಟ್ಸಾಪ್ ಗ್ರೂಪಿನಲ್ಲಿ ಸದಸ್ಯರ ನಂಬರ್ ಉಳಿದವರಿಗೆ ಕಾಣುತ್ತೆ. ‘ಹಾಯ್, ಊಟ ಆಯ್ತಾ’ ಅಂತ ಒಬ್ಬ ಖಾಸಗಿಯಾಗಿ ಕಳಿಸಿದರೆ ಸಾಕು, ಆಕೆ ಯಾರಿಗೂ ಹೇಳದೆ ಗ್ರೂಪ್ ಮ್ಯೂಟ್ ಮಾಡಿ ಕೂರ್ತಾರೆ. ಒಬ್ಬ ಮಹಿಳೆಯನ್ನು ಅಡ್ಮಿನ್ ಮಾಡಿ. ನಿಯಮ ಬರೆದು ಹಾಕಿ: ಅನುಮತಿ ಕೇಳದೆ ಯಾರಿಗೂ ಖಾಸಗಿ ಮೆಸೇಜ್, ಕಾಲ್ ಇಲ್ಲ, ಮಾಡಿದರೆ ಅದೇ ದಿನ ಹೊರಗೆ. ದೂರು ಯಾರಿಗೆ ಕೊಡಬೇಕು ಅನ್ನೋದೂ ಅದರಲ್ಲೇ ಇರಲಿ. ನಂಬರ್ ಕಾಣದಿರಬೇಕು ಅನ್ನೋರು ಹೆಚ್ಚಿದ್ದರೆ ಟೆಲಿಗ್ರಾಂಗೆ ಹೋಗೋದು ಒಳ್ಳೇದು. ಅಲ್ಲಿ ನಂಬರ್ ಮುಚ್ಚಿಡೋಕೆ ಸೆಟ್ಟಿಂಗ್ ಇದೆ, ಹೊಸಬರಿಗೆ ಹಳೇ ಮೆಸೇಜ್ ಕಾಣೋ ಹಾಗೂ ಮಾಡಬಹುದು. ಎಷ್ಟೋ ಮನೆಯಲ್ಲಿ ಫೋನ್ ಗಂಡನದೋ ಮಗನದೋ ಆಗಿರುತ್ತೆ. ನೀವು ಕಳಿಸಿದ್ದನ್ನು ಮನೆಯವರು ಓದ್ತಾರೆ ಅಂದುಕೊಂಡೇ ಬರೆಯಿರಿ, ರಾತ್ರಿ ಒಂಬತ್ತೂವರೆ ಮೇಲೆ ಏನೂ ಕಳಿಸಬೇಡಿ.

ಟೈಪ್ ಮಾಡೋಕೆ ಕಷ್ಟಪಡೋರಿಗೆ ಧ್ವನಿ ಮೆಸೇಜ್ ಬಲು ಸಹಾಯ, ಡೇಟಾನೂ ಕಮ್ಮಿ. ಒಂದು ನಿಮಿಷಕ್ಕೆ ಮಿತಿ ಹಾಕಿ. ಜಿಬೋರ್ಡಿನಲ್ಲಿ (ಗೂಗಲ್‌ನ ಕೀಬೋರ್ಡ್ ಆ್ಯಪ್) ಕನ್ನಡ ಸೇರಿಸಿಕೊಂಡು ಮೈಕ್ ಒತ್ತಿ ಮಾತಾಡಿದರೆ ಅದೇ ಟೈಪ್ ಮಾಡುತ್ತೆ, ಇದನ್ನು ಮೊದಲ ವಾರದಲ್ಲೇ ಎಲ್ಲರಿಗೂ ತೋರಿಸಿಕೊಡಿ. ಧ್ವನಿಯಲ್ಲಿ ಒಂದು ಅಪಾಯವೂ ಇದೆ. ನಮ್ಮ ಕಡೆ ಹಳ್ಳಿ ಮಾತಿನಲ್ಲಿ ಹಾಲು ‘ಆಲು’ ಆಗುತ್ತೆ, ಹೂವು ‘ಊವು’ ಆಗುತ್ತೆ. ಮೈಸೂರು ಪೇಟೆಯಲ್ಲಿ ಓದಿದ ಒಬ್ಬರು ಅದಕ್ಕೆ ನಗೋ ಎಮೋಜಿ ಹಾಕಿದರೆ ಆ ಧ್ವನಿ ಮತ್ತೆ ಆ ಗುಂಪಿನಲ್ಲಿ ಕೇಳಿಸಲ್ಲ. ಗುಂಪಿನಲ್ಲಿ ಉಚ್ಚಾರಣೆ, ಕಾಗುಣಿತ ತಿದ್ದೋದನ್ನು ಪೂರ್ತಿ ನಿಲ್ಲಿಸಿ. ಪರೀಕ್ಷೆಗೆ ಬರೆದ ಉತ್ತರವನ್ನು ಅವರಿಗೆ ಮಾತ್ರ ಬೇರೆಯಾಗಿ ತಿದ್ದಿಕೊಡಿ. ನಗುವವರಿಗೆ ಖಾಸಗಿಯಾಗಿ ಒಂದು ಸಲ ಹೇಳಿ, ಎಲ್ಲರೆದುರು ಬೈದರೆ ಅವರೂ ಸುಮ್ಮನಾಗ್ತಾರೆ.

ಕಣ್ಣು ಕಾಣದವರು ಅಂದಿರಲ್ಲ. ಅವರ ಫೋನಿನಲ್ಲಿ ಟಾಕ್‌ಬ್ಯಾಕ್ ಇರುತ್ತೆ, ಪರದೆ ಮೇಲಿನ ಅಕ್ಷರವನ್ನು ಓದಿ ಹೇಳುತ್ತೆ. ಫೋಟೊ ತೆಗೆದ ನೋಟ್ಸ್ ಅದಕ್ಕೆ ಬರೀ ‘ಚಿತ್ರ’. ನಮ್ಮಲ್ಲಿ ಹೆಚ್ಚು ಕಾಡೋದು ‘ನುಡಿ’, ‘ಬರಹ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಮಾಡಿದ ಪಿಡಿಎಫ್. ಕಣ್ಣಿಗೆ ಕನ್ನಡವಾಗಿ ಕಾಣುತ್ತೆ, ಒಳಗಿರೋದು ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಕಲಸುಮೇಲೋಗರ, ಟಾಕ್‌ಬ್ಯಾಕ್ ಅದನ್ನೇ ಓದುತ್ತೆ. ಪರೀಕ್ಷಿಸೋದು ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದರೆ ಅದು ಯೂನಿಕೋಡ್ (ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಪದ್ಧತಿ), ಸರಿ ಇದೆ. ವಿಚಿತ್ರ ಅಕ್ಷರ ಬಂದರೆ ಯೂನಿಕೋಡ್‌ಗೆ ಪರಿವರ್ತಿಸಬೇಕು. ಸ್ಕ್ಯಾನ್ ಆಗಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಅಕ್ಷರವಾಗಿ ಬದಲಾಗುತ್ತೆ. ಒತ್ತಕ್ಷರಗಳಲ್ಲಿ ತಪ್ಪು ಉಳಿಯುತ್ತೆ, ಯಾರಾದರೂ ಕೂತು ಓದಿ ತಿದ್ದಬೇಕು. ವಾರಕ್ಕೆ ಎರಡು ಪುಟದಂತೆ ಗುಂಪುಗಳಿಗೆ ಹಂಚಿ, ತಿದ್ದುವವರಿಗೂ ಪಾಠ ತಲೆಗೆ ಹತ್ತುತ್ತೆ.

ಮೀಟ್‌ನಲ್ಲಿ ‘ಇಲ್ಲಿ ನೋಡಿ’ ಅನ್ನಬೇಡಿ, ಏನಿದೆ ಅಂತ ಬಾಯಲ್ಲಿ ಹೇಳಿ: ‘ಬೆಲೆ ಏರಿದ ಹಾಗೆ ಗೆರೆ ಎಡಗಡೆ ಮೇಲಕ್ಕೆ ಹೋಗಿದೆ’ ಅಂತ. ಸಾಲುಗಟ್ಟಲೆ ಎಮೋಜಿ ಹಾಕಿದರೆ ಟಾಕ್‌ಬ್ಯಾಕ್ ಒಂದೊಂದನ್ನೂ ಹೆಸರು ಹಿಡಿದು ಓದುತ್ತೆ, ಆ ಹಿಂಸೆ ತಿಳಿಯೋಕೆ ನಿಮ್ಮ ಫೋನಿನಲ್ಲೇ ಐದು ನಿಮಿಷ ಹಚ್ಚಿ ನೋಡಿ. ಹಚ್ಚಿದ ಮೇಲೆ ಒಂದು ಸಲ ಮುಟ್ಟಿದರೆ ಆಯ್ಕೆ ಮಾತ್ರ, ಎರಡು ಸಲ ತಟ್ಟಿದರೆ ಕೆಲಸ ಮಾಡುತ್ತೆ. ಆಫ್ ಮಾಡೋದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಕಿವಿ ಕೇಳದವರು ಮುಂದೆ ಸೇರಿದರೆ ಧ್ವನಿ ಮೆಸೇಜೇ ಅಡ್ಡಿಯಾಗುತ್ತೆ. ಅದಕ್ಕೆ ಈಗಿನಿಂದಲೇ ರೂಢಿ ಮಾಡಿಸಿ: ಧ್ವನಿ ಹಾಕಿದವರು ಕೆಳಗೆ ಒಂದು ಸಾಲಿನ ಸಾರಾಂಶ ಬರೆಯಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋರನ್ನು ತಡೆಯಬೇಡಿ. ಟಾಕ್‌ಬ್ಯಾಕ್ ಅದನ್ನು ಕೆಟ್ಟದಾಗಿ ಓದುತ್ತೆ, ನಿಜ. ಕಣ್ಣು ಕಾಣದವರ ಗುಂಪಿನಲ್ಲಿ ಮಾತ್ರ ಕನ್ನಡ ಅಕ್ಷರವೋ ಧ್ವನಿಯೋ ಅಂತ ಒಪ್ಪಂದ ಮಾಡಿಕೊಳ್ಳಿ, ಎಲ್ಲರಿಗೂ ಒಂದೇ ಕಾನೂನು ಬೇಕಿಲ್ಲ.

ಹರಟೆಗೆ ಒಂದು ಬೇರೆ ಗ್ರೂಪ್ ಕೊಡಿ. ಶುಭೋದಯದ ಚಿತ್ರ, ಊರ ಹಬ್ಬದ ಫೋಟೊ ಎಲ್ಲ ಅಲ್ಲಿಗೆ. 2000ದಲ್ಲಿ ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಮೂವರು ಆನ್‌ಲೈನ್ ಕಲಿಕೆಗೆ ಮೂರು ಬೇಕು ಅಂದರು: ಜನ ಒಬ್ಬರಿಗೊಬ್ಬರು ಮನುಷ್ಯರಾಗಿ ಕಾಣಬೇಕು, ಸೇರಿ ಒಂದು ವಿಷಯವನ್ನು ಬಿಡಿಸಬೇಕು, ಅದನ್ನು ಯಾರಾದರೂ ಹದವಾಗಿ ನಡೆಸಬೇಕು. ನಮ್ಮ ಬಹುಪಾಲು ಗ್ರೂಪುಗಳು ಮೊದಲಿನದನ್ನು ಕಸ ಅಂತ ಗುಡಿಸಿ ಹಾಕಿ ಬರೀ ಪಿಡಿಎಫ್ ಸುರಿಯುತ್ತವೆ.

ಸರಿ ಹೋಗ್ತಿದೆಯೋ ಇಲ್ಲವೋ ಅಂತ ನೋಡೋಕೆ ಮೆಸೇಜ್ ಎಣಿಸಬೇಡಿ, ಜನರನ್ನು ಎಣಿಸಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರುಗಳು ಅಡ್ಡಸಾಲಿಗೆ, ವಾರಗಳು ಉದ್ದಸಾಲಿಗೆ. ಆ ವಾರ ಒಂದು ಅಂಕಿಯೋ ಒಂದು ಧ್ವನಿಯೋ ಬಂದಿದ್ದರೆ ಟಿಕ್. ಎರಡು ವಾರ ಖಾಲಿ ಇದ್ದರೆ ನೀವು ಅಥವಾ ಮಹಿಳಾ ಅಡ್ಮಿನ್ ಫೋನ್ ಮಾಡಿ. ‘ಯಾಕೆ ಬರ್ತಿಲ್ಲ?’ ಅನ್ನಬೇಡಿ, ‘ಅಕ್ಕ, ಟೈಮ್ ಹೊಂದ್ತಿಲ್ವಾ, ಫೋನ್ ತೊಂದರೆಯಾ?’ ಅಂತ ಕೇಳಿ. ನೆಪ ಹೇಳುವ ಅಗತ್ಯ ಬೀಳದೆ ಕಾರಣ ಹೊರಗೆ ಬರುತ್ತೆ. 60ರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೊಂದು ಟಿಕ್ ಬಿದ್ದರೆ ಗುಂಪು ಚೆನ್ನಾಗಿದೆ ಅಂತಲೇ ನನ್ನ ಲೆಕ್ಕ. ಓದಿಕೊಂಡು ಸುಮ್ಮನಿರೋರೂ ಕಲಿಯುತ್ತಿರ್ತಾರೆ, ಅವರನ್ನು ಎಲ್ಲರೆದುರು ಹೆಸರು ಹಿಡಿದು ಕರೆಯಬೇಡಿ.

ಪರೀಕ್ಷೆಗೆ ಒಂದು ತಿಂಗಳು ಇರುವಾಗ ಚರ್ಚೆ ಯಾರಿಗೂ ಬೇಡವಾಗುತ್ತೆ, ಹಳೇ ಪ್ರಶ್ನೆಪತ್ರಿಕೆ ಬೇಕಾಗುತ್ತೆ. ಆಗ ಅದನ್ನೇ ಮಾಡಿ: ದಿನಕ್ಕೊಂದು ಪ್ರಶ್ನೆ, ಒಂದು ಗುಂಪು ಉತ್ತರದ ಅಂಶಗಳನ್ನು ಹೇಳೋದು, ಇನ್ನೊಂದು ಗುಂಪು ಬಿಟ್ಟುಹೋದದ್ದನ್ನು ಸೇರಿಸೋದು. ಗುಂಪು ಯಾವತ್ತು ಮುಗಿಯುತ್ತೆ ಅಂತ ಮೊದಲೇ ದಿನಾಂಕ ಹೇಳಿಬಿಡಿ, ಕೊನೆ ಪರೀಕ್ಷೆಯ ಮಾರನೇ ವಾರ ಸಾಕು. ಮುಂದಿನ ವರ್ಷಕ್ಕೆ ಬೇಕು ಅನ್ನೋರು ಹೊಸದಾಗಿ ಸೇರಲಿ, ಚಿಕ್ಕ ಗುಂಪುಗಳನ್ನೂ ಹೊಸದಾಗಿ ಹಂಚಿ.