ಕೇಳ್ರಿ, ಹೇಳ್ತೀನಿ: ಮಿಲ್ ಕಾರ್ಮಿಕರ ವಕೀಲರು

ಪ್ರಶ್ನೆ: ಮಲ್ಲಿಕಾರ್ಜುನ ಖರ್ಗೆಯವರನ್ನು ನೀವು ಮಾತೆತ್ತಿದರೆ 'ಕಾರ್ಮಿಕರ ವಕೀಲರು' ಅಂತೀರಿ. ಅವರು ವಕೀಲಿಕೆ ಮಾಡಿದ್ದು ಎಷ್ಟು ವರ್ಷ? ನಾನೂ ಎಲ್‌ಎಲ್‌ಬಿ ಓದ್ತಿದೀನಿ.
— ವಿದ್ಯಾರ್ಥಿ, ಸಿಂಧನೂರು

ಉತ್ತರ: ವರ್ಷ ಎಣಿಸಿದರೆ ಕಡಿಮೆಯೇ, ತಮ್ಮಾ. ಕಲಬುರಗಿಯಲ್ಲಿ ಕಾನೂನು ಓದಿ, ಶಿವರಾಜ ಪಾಟೀಲರ ಬಳಿ ಜೂನಿಯರ್ ಆದರು. (ಪಾಟೀಲರು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ನಮ್ಮ ರಾಯಚೂರು ಜಿಲ್ಲೆಯವರು ಅನ್ನೋದನ್ನ ಹೇಳದೆ ಬಿಡೋಕೆ ಮನಸ್ಸು ಬರಲಿಲ್ಲ.) 1969ರಲ್ಲಿ ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ ನೌಕರರ ಸಂಘದ ಕಾನೂನು ಸಲಹೆಗಾರರು, ಅದೇ ವರ್ಷ ಕಾಂಗ್ರೆಸ್ ಸೇರಿದರು. 1972ಕ್ಕೆ ಗುರುಮಠಕಲ್ ಶಾಸಕರು, ಇನ್ನೂ ಮೂವತ್ತು ತುಂಬಿರಲಿಲ್ಲ.

ಆ ನಾಲ್ಕಾರು ವರ್ಷಕ್ಕೆ ನಾನೇಕೆ ಇಷ್ಟು ಬೆಲೆ ಕೊಡ್ತೀನಿ ಅಂದ್ರೆ, ನಾನು ರಾಯಚೂರಿನ ಜಿನ್ನಿಂಗ್ (ಹತ್ತಿ ಬೀಜ ಬಿಡಿಸೋ) ಮಿಲ್ಲೊಂದರಲ್ಲಿ ತೂಕದ ಗುಮಾಸ್ತನಾಗಿದ್ದವನು. ಸಂಘದ ಚಂದಾ ರಸೀದಿ ಬರೆಯೋ ಕೆಲಸವೂ ನಂದೇ. ಒಂದು ಸಂಜೆ ಮಷೀನಿಗೆ ಕೈ ಸಿಕ್ಕು ಒಬ್ಬನ ಎರಡು ಬೆರಳು ಹೋದವು. 'ಈತ ನಮ್ಮ ಆಳೇ ಅಲ್ಲ' ಅಂದುಬಿಟ್ಟರು ಮಾಲೀಕರು. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ವಕೀಲರ ಹತ್ತಿರ ಹೋದರೆ ಬೆರಳು ನೋಡಲಿಲ್ಲ, 'ಕಾಗದ ಏನೈತಿ?' ಅಂದರು. ನನ್ನ ಹಳೇ ತೂಕದ ಚೀಟಿಗಳಲ್ಲಿ ಅವನು ಒತ್ತಿದ ಹೆಬ್ಬೆಟ್ಟು ಸಿಕ್ಕಿತು. ಬೆರಳು ಹೋದ ಅದೇ ಬಲಗೈಯದು. ಪರಿಹಾರ ಬಂತು. ಕಾರ್ಮಿಕ ವಕೀಲಿಕೆಯ ಅರ್ಧ ಕೆಲಸ ಇದೇ ತಮ್ಮಾ: ಇವನು ಕಾರ್ಮಿಕ ಅಂತ ತೋರಿಸೋದು. ಭಾಷಣ ಆಮೇಲೆ ಕಲಿ.

ಖರ್ಗೆಯವರು 2009ರಲ್ಲಿ ಕೇಂದ್ರದ ಕಾರ್ಮಿಕ ಸಚಿವರಾದರು. ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಸಿಗೋಕೆ ತಿಂಗಳ ಪಗಾರದ ಮಿತಿ 10,000 ರೂಪಾಯಿ ಇದ್ದದ್ದು 2010ರಲ್ಲಿ 15,000 ಆಯಿತು. ಕಲಬುರಗಿಯ ಇಎಸ್‌ಐ ಮೆಡಿಕಲ್ ಕಾಲೇಜೂ ಅವರ ಕಾಲದ್ದೇ. ದೊಡ್ಡ ಕೆಲಸ, ಅಲ್ಲಗಳೆಯಲ್ಲ. ಆದರೆ ಮಿತಿ ಎಷ್ಟೇ ಏರಿದರೂ ಪುಸ್ತಕದಲ್ಲಿ ಹೆಸರಿಲ್ಲದ ದಿನಗೂಲಿಯವನು ಆ ದವಾಖಾನೆಯ ಚೀಟಿ ಎಲ್ಲಿಂದ ತರಬೇಕು? ಮಿಲ್ ಸಂಘದಿಂದ ಬಂದವರಿಗೆ ಇದು ಗೊತ್ತಿಲ್ಲದ್ದಲ್ಲ. ಅದಕ್ಕೇ ನನಗೆ ಅವರ ಮೇಲೆ ಸ್ವಲ್ಪ ಮುನಿಸು.

ಪ್ರಶ್ನೆ: 'ಸೋಲಿಲ್ಲದ ಸರದಾರ' ಅಂತಾರಲ್ಲ, ಅವರು ಸೋತೇ ಇಲ್ವಾ?
— ಓದುಗರು, ಮಾನ್ವಿ

ಉತ್ತರ: ವಿಧಾನಸಭೆಗೆ ಸತತ ಒಂಬತ್ತು ಗೆಲುವು: ಎಂಟು ಗುರುಮಠಕಲ್, ಕೊನೇದು 2008ರಲ್ಲಿ ಚಿತ್ತಾಪುರ. ಆಮೇಲೆ ಲೋಕಸಭೆಗೆ ಎರಡು ಸಲ. 2019ರಲ್ಲಿ ಕಲಬುರಗಿಯಲ್ಲಿ ಸೋತರು. 'ಮುಖ್ಯಮಂತ್ರಿ ಯಾಕಾಗಲಿಲ್ಲ' ಅಂತ ಕೇಳಿದ ಪತ್ರಗಳು ನನ್ನ ಮೇಜಿನ ಮೇಲೆ ಹದಿನೇಳಿವೆ. ಉತ್ತರ ಬರೆಯಲು ಕೂತಾಗಲೆಲ್ಲ ಕರೆಂಟ್ ಹೋಗುತ್ತೆ.